ವಿಶ್ವಕಪ್‌ನಲ್ಲಿ ಗೆದ್ದರೆ ಸಾಕೇ, ಚೆನ್ನಾಗಿ ಆಡಲೂ ಬೇಕೇ?

ನಾಲ್ಕು ವರ್ಷಕ್ಕೊಮ್ಮೆ ಫುಟ್‌ಬಾಲ್ ವಿಶ್ವಕಪ್ ಬರುತ್ತದೆ, ಅದರ ಹಿಂದೆಯೇ ಈ ಜಗಳವೂ ಬರುತ್ತದೆ. ತನ್ನ ಗೋಲಿನ ಮುಂದೆ ಹತ್ತು ಜನರನ್ನು ನಿಲ್ಲಿಸಿ, ಕಾದು ಕೂತು, ಒಂದೇ ಒಂದು ಗೋಲಿನಿಂದ ಗೆಲ್ಲುವ ತಂಡವನ್ನು ಮೆಚ್ಚಬೇಕೋ ಬೈಯಬೇಕೋ? ಇಬ್ಬರು ಅಭಿಮಾನಿಗಳ ವಾದ ಇಲ್ಲಿದೆ. ಎರಡನೆಯವರು ಮೊದಲನೆಯವರದ್ದನ್ನು ಓದಿಯೇ ಬರೆದಿದ್ದಾರೆ.

ಪರ: ಗೋಡೆ ಕಟ್ಟುವುದೂ ಆಟವೇ

2022ರ ಡಿಸೆಂಬರ್ 6ರಂದು ಕತಾರ್‌ನಲ್ಲಿ ಮೊರಾಕೊ ವಿರುದ್ಧ ಸ್ಪೇನ್ ಆಟಗಾರರು ಸಾವಿರಕ್ಕೂ ಹೆಚ್ಚು ಪಾಸ್ ಮಾಡಿದರು. 120 ನಿಮಿಷ ಕಳೆದರೂ ಗೋಲು ಬರಲಿಲ್ಲ. ಶೂಟೌಟ್‌ನಲ್ಲಿ ಅವರು ಒದ್ದ ಮೂರು ಪೆನಾಲ್ಟಿಗಳಲ್ಲಿ ಒಂದು ಕಂಬಕ್ಕೆ ಬಡಿಯಿತು, ಉಳಿದೆರಡನ್ನು ಗೋಲ್‌ಕೀಪರ್ ಯಾಸಿನ್ ಬೂನೂ ತಡೆದರು. ಮರುದಿನ ಗೆಳೆಯನೊಬ್ಬ ಮುಖ ಸಿಂಡರಿಸಿಕೊಂಡು 'ಇದೂ ಒಂದು ಗೆಲುವೇ?' ಎಂದ. ಅವನಿಗೆ ಉತ್ತರ ಕೊಡುವುದಕ್ಕಾಗಿಯೇ ನಾನು ಆ ಪಂದ್ಯವನ್ನು ಇನ್ನೊಮ್ಮೆ ನೋಡಿದೆ. ಈ ಸಲ ಚೆಂಡಿನ ಮೇಲೆ ಕಣ್ಣಿಡಲಿಲ್ಲ, ಚೆಂಡಿಲ್ಲದವರನ್ನು ಮಾತ್ರ ನೋಡಿದೆ.

ಹಾಗೆ ನೋಡಿದಾಗ ಕಾಣುವುದು ಬೇರೆಯೇ ಪಂದ್ಯ. ನಾಲ್ವರು ಡಿಫೆಂಡರ್‌ಗಳ ಒಂದು ಸಾಲು, ಅವರ ಮುಂದೆ ಇನ್ನೊಂದು ಸಾಲು, ಎರಡರ ನಡುವಿನ ಓಣಿಗೆ ಸೋಫಿಯಾನ್ ಅಮ್ರಾಬತ್ ಒಬ್ಬರದೇ ಕಾವಲು. ಚೆಂಡು ಎಡಕ್ಕೆ ಹೋದರೆ ಎಲ್ಲರೂ ಎಡಕ್ಕೆ, ಬಲಕ್ಕೆ ಬಂದರೆ ಎಲ್ಲರೂ ಬಲಕ್ಕೆ, ಒಬ್ಬರಿಂದ ಒಬ್ಬರಿಗೆ ಇರುವ ಅಂತರ ಮಾತ್ರ ಬದಲಾಗುವುದಿಲ್ಲ. ಒಬ್ಬ ಮುಂದೆ ನುಗ್ಗಿದರೆ ಪಕ್ಕದವನು ಒಂದು ಹೆಜ್ಜೆ ಹಿಂದೆ ಸರಿದು ಆ ಜಾಗವನ್ನು ತುಂಬುತ್ತಾನೆ. ಎರಡು ಗಂಟೆ ಹೀಗೆ ಓಡಾಡುವಾಗ ಯಾರಾದರೂ ಒಬ್ಬರು ಅರೆಕ್ಷಣ ಮೈಮರೆತರೂ ಕಥೆ ಮುಗಿಯಿತು. ಮೈಮರೆಯದೆ ಇರುವುದಕ್ಕೆ ಚಪ್ಪಾಳೆ ಬೀಳುವುದಿಲ್ಲ ಎಂದ ಮಾತ್ರಕ್ಕೆ ಅದು ಕಲೆಯಲ್ಲವೇ?

ಆ ತಂಡ ಸೆಮಿಫೈನಲ್ ತಲುಪುವವರೆಗೆ ಬಿಟ್ಟುಕೊಟ್ಟದ್ದು ಒಂದೇ ಗೋಲು. ಅದೂ ಕೆನಡಾ ವಿರುದ್ಧ ತಾನೇ ಕೊಟ್ಟ ಉಡುಗೊರೆ ಗೋಲು. ಆಫ್ರಿಕಾ ಖಂಡದ ತಂಡವೊಂದು ಸೆಮಿಫೈನಲ್ ಕಂಡದ್ದು ಅದೇ ಮೊದಲು. ವಿಶ್ವಕಪ್ ಶುರುವಾದಾಗ ಕೋಚ್ ವಲೀದ್ ರೆಗ್ರಾಗಿ ತಂಡದ ಹೊಣೆ ಹೊತ್ತು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಆಟದ ಶೈಲಿಯ ಬಗ್ಗೆ ಉಪದೇಶ ಮಾಡುವವರು ಇದನ್ನು ಗಮನಿಸಬೇಕು. ಕ್ಲಬ್‌ನ ಕೋಚ್‌ಗೆ ಆಟಗಾರರು ವರ್ಷದ ಹತ್ತು ತಿಂಗಳು, ಹೆಚ್ಚುಕಡಿಮೆ ದಿನವೂ ಸಿಗುತ್ತಾರೆ. ರಾಷ್ಟ್ರೀಯ ತಂಡದ ಕೋಚ್‌ಗೆ ಅವರು ಸಿಗುವುದು ಆಗೊಮ್ಮೆ ಈಗೊಮ್ಮೆ, ಒಂದು ವಾರವೋ ಹತ್ತು ದಿನವೋ. ಹನ್ನೊಂದು ಕ್ಲಬ್‌ಗಳಿಂದ ಬಂದ ಹನ್ನೊಂದು ಜನ ಕಣ್ಣುಮುಚ್ಚಿ ಪಾಸ್ ಕೊಡುವಷ್ಟು ಪಳಗಲು ವರ್ಷಗಳು ಬೇಕು. ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಎಂಬುದನ್ನು ಆ ಹತ್ತು ದಿನದಲ್ಲೇ ಕಲಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಿದವನನ್ನು ಹೇಡಿ ಎಂದು ಕರೆಯುವುದು ಯಾವ ನ್ಯಾಯ?

ಇನ್ನು ದೊಡ್ಡ ತಂಡಗಳ ವಿಷಯ. 2010ರಲ್ಲಿ ಸ್ಪೇನ್ ಗೆದ್ದದ್ದು ಹೇಗೆ? ಏಳು ಪಂದ್ಯಗಳಲ್ಲಿ ಎಂಟೇ ಗೋಲು. ನಾಕೌಟ್‌ನ ನಾಲ್ಕೂ ಪಂದ್ಯಗಳಲ್ಲಿ 1–0. ಚೆಂಡು ನಮ್ಮ ಕಾಲಲ್ಲಿದ್ದರೆ ಎದುರಾಳಿ ಗೋಲು ಹೊಡೆಯಲಾರ ಎಂಬ ಲೆಕ್ಕಾಚಾರವೂ ಒಂದು ಬಗೆಯ ಗೋಡೆಯೇ. ಆದರೆ ಅದನ್ನು 'ಸೌಂದರ್ಯ' ಎಂದು ಹೊಗಳಿದರು. ಇಟಲಿ ಬಾಗಿಲು ಹಾಕಿಕೊಂಡರೆ ಅದು 'ಪರಂಪರೆ', ಫ್ರಾನ್ಸ್ ಕಾದು ಹೊಡೆದರೆ 'ಪ್ರಬುದ್ಧತೆ'. ಅದನ್ನೇ ಗ್ರೀಸ್ ಮಾಡಿದಾಗ ಆಟವನ್ನು ಕೊಂದರು ಎಂಬ ಕೂಗು. 2004ರ ಯೂರೋ ಕಪ್‌ಗೆ ಬರುವ ಮುನ್ನ ಗ್ರೀಸ್ ದೊಡ್ಡ ಟೂರ್ನಿಗಳಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಒಟ್ಟೊ ರೆಹಾಗೆಲ್ ಅವರ ಆ ತಂಡ ಫ್ರಾನ್ಸ್, ಝೆಕ್ ಗಣರಾಜ್ಯ, ಕೊನೆಗೆ ಲಿಸ್ಬನ್‌ನಲ್ಲೇ ಪೋರ್ಚುಗಲ್ ಹೀಗೆ ಮೂವರನ್ನೂ 1–0ಯಿಂದ ಸೋಲಿಸಿತು. ಮೂರು ಗೋಲುಗಳೂ ತಲೆಯಿಂದ ಬಂದವು. ಚುಚ್ಚು ಮಾತಿಗೆ ಹೇಳುತ್ತಿಲ್ಲ, ಎರಡೂ ಅರ್ಥದಲ್ಲಿ ತಲೆಯಿಂದಲೇ ಬಂದವು.

ಚೆಂದದ ಆಟದ ಭಕ್ತರು ತಪ್ಪದೆ ಎತ್ತುವ ಹೆಸರು 1982ರ ಬ್ರೆಜಿಲ್. ಟೆಲೆ ಸಂಟಾನಾ ಕೋಚ್. ಜೀಕೊ, ಸಾಕ್ರಟೀಸ್, ಫಾಲ್ಕಾವ್ ಅವರಂಥ ಆಟಗಾರರು. ನನಗೂ ಆ ತಂಡವೆಂದರೆ ಪ್ರಾಣ. ಆದರೆ ಬಾರ್ಸಿಲೋನಾದಲ್ಲಿ ಇಟಲಿ ವಿರುದ್ಧ ಅವರಿಗೆ ಬೇಕಿದ್ದದ್ದು ಬರೀ ಡ್ರಾ. 68ನೇ ನಿಮಿಷದಲ್ಲಿ ಫಾಲ್ಕಾವ್ 2–2 ಮಾಡಿದಾಗ ಸೆಮಿಫೈನಲ್ ಅವರ ಕೈಯಲ್ಲೇ ಇತ್ತು. ಬಾಗಿಲು ಹಾಕಿಕೊಂಡಿದ್ದರೆ ಸಾಕಿತ್ತು. ಹಾಕಲಿಲ್ಲ. ಆರು ನಿಮಿಷದ ಬಳಿಕ ಪಾವೊಲೊ ರೋಸ್ಸಿ ತಮ್ಮ ಮೂರನೇ ಗೋಲು ಹೊಡೆದರು. ಇಟಲಿ ಕಪ್ ಎತ್ತಿತು. ಬ್ರೆಜಿಲ್ ಅಭಿಮಾನಿಗಳು ಇನ್ನೂ ನಿಟ್ಟುಸಿರು ಬಿಡುತ್ತಲೇ ಇದ್ದಾರೆ.

ಜಪಾನಿನ ಉದಾಹರಣೆ ಇನ್ನೂ ನೇರವಾಗಿದೆ. 2018ರ ಗುಂಪು ಹಂತದ ಕೊನೆಯ ಪಂದ್ಯ, ವೋಲ್ಗೊಗ್ರಾದ್. ಪೋಲೆಂಡ್ ಎದುರು ಜಪಾನ್ 0–1ರಿಂದ ಹಿಂದಿತ್ತು. ಅತ್ತ ಸೆನೆಗಲ್ ಕೂಡ ಕೊಲಂಬಿಯಾ ಎದುರು ಸೋಲುತ್ತಿತ್ತು. ಅಂಕ, ಗೋಲು ಎಲ್ಲ ಸಮ. ಆಗ ಲೆಕ್ಕಕ್ಕೆ ಬರುವುದು ಹಳದಿ ಕಾರ್ಡ್, ಅದು ಜಪಾನಿಗೆ ನಾಲ್ಕು, ಸೆನೆಗಲ್‌ಗೆ ಆರು. ಕೋಚ್ ಅಕಿರಾ ನಿಶಿನೊ ಲೆಕ್ಕ ಹಾಕಿ, ಇನ್ನು ಚೆಂಡನ್ನು ಹಿಂದೆಯೇ ಆಡಿಸಿ, ಕಾರ್ಡ್ ತಿನ್ನಬೇಡಿ ಎಂಬ ತೀರ್ಮಾನಕ್ಕೆ ಬಂದರು. ಕ್ರೀಡಾಂಗಣವೆಲ್ಲ ಕೂಗಿ ಹೀಯಾಳಿಸಿತು. ಜಪಾನ್ 16ರ ಘಟ್ಟಕ್ಕೆ ಹೋಯಿತು. ನಾಲ್ಕು ದಿನ ಬಿಟ್ಟು ಬೆಲ್ಜಿಯಂ ವಿರುದ್ಧ ಅದೇ ತಂಡ ಎದೆ ತೆರೆದು ಆಡಿತು. 2–0 ಮುಂದಿದ್ದು 2–3ರಿಂದ ಸೋತಿತು. ಹೀಯಾಳಿಸಿಕೊಂಡ ದಿನ ಮುಂದಿನ ಸುತ್ತು ಸಿಕ್ಕಿತು, ಹೊಗಳಿಸಿಕೊಂಡ ದಿನ ವಿಮಾನದ ಟಿಕೆಟ್ ಸಿಕ್ಕಿತು. ಜಪಾನ್ ಕೋಚ್ ನಾನಾಗಿದ್ದರೆ ಯಾವ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ವಿರೋಧ: ಗೋಡೆಯ ಮೇಲೆ ನನಗೆ ದ್ವೇಷವಿಲ್ಲ

ಪರವಾಗಿ ಬರೆದವರು ಜಾಣರು. ಮೊರಾಕೊವನ್ನು ಮುಂದೆ ನಿಲ್ಲಿಸಿ, ಅದರ ನೆರಳಿನಲ್ಲಿ ಉಳಿದವರನ್ನೆಲ್ಲ ದಾಟಿಸಿಬಿಟ್ಟಿದ್ದಾರೆ. ಮೊರಾಕೊ ಬಗ್ಗೆ ನನ್ನ ತಕರಾರೇ ಇಲ್ಲ. ಅವರು ಚೆಂಡು ಕಸಿದ ಕೂಡಲೇ ಬೂಫಾಲ್, ಜಿಯೆಶ್, ಹಕೀಮಿ ಮುಂದಕ್ಕೆ ಹಾರುತ್ತಿದ್ದರು. ಅಲ್ಲಿ ಗೋಡೆ ಇದ್ದದ್ದು ಅದರಾಚೆಗೆ ಜಿಗಿಯುವುದಕ್ಕೆ. ನನ್ನ ಜಗಳ ಇರುವುದು ಆಡಲು ಬಂದು ಆಡದೆ ಹೋಗುವವರ ಜೊತೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

'ಗೆದ್ದರೆ ಸಾಕು' ಎಂಬ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಅವರೇ ಹೇಳಿದ 1982, ಅದೇ ಸ್ಪೇನ್, ಊರು ಮಾತ್ರ ಹಿಹೋನ್. ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಪಂದ್ಯ. ಮೊದಲ ಪಂದ್ಯದಲ್ಲೇ ಪಶ್ಚಿಮ ಜರ್ಮನಿಯನ್ನು 2–1ರಿಂದ ಸೋಲಿಸಿ ಜಗತ್ತನ್ನೇ ಬೆರಗುಗೊಳಿಸಿದ್ದ ಅಲ್ಜೀರಿಯಾ ತನ್ನ ಪಂದ್ಯಗಳನ್ನು ಹಿಂದಿನ ದಿನವೇ ಮುಗಿಸಿ ಕಾಯುತ್ತಿತ್ತು. ಜರ್ಮನಿ ಒಂದು ಗೋಲಿನಿಂದ ಗೆದ್ದರೆ ಎರಡೂ ನೆರೆಯ ದೇಶಗಳು ಮುಂದಕ್ಕೆ, ಅಲ್ಜೀರಿಯಾ ಮನೆಗೆ. ಆಟ ಶುರುವಾಗಿ ಹನ್ನೊಂದು ನಿಮಿಷವಾಗುವಷ್ಟರಲ್ಲಿ ಹ್ರುಬೆಶ್ ಗೋಲು ಹೊಡೆದರು. ಆಮೇಲೆ ಮೈದಾನದಲ್ಲಿ ನಡೆದದ್ದು ಹನ್ನೊಂದಕ್ಕೆ ಹನ್ನೊಂದು ಜನರ ಸಂಜೆಯ ವಾಯುವಿಹಾರ. ಅಲ್ಜೀರಿಯಾದ ಅಭಿಮಾನಿಗಳು ನೋಟುಗಳನ್ನು ಬೀಸಿ ಛೀಮಾರಿ ಹಾಕಿದರು. ಯಾವ ನಿಯಮವೂ ಮುರಿದಿರಲಿಲ್ಲ, ಫಲಿತಾಂಶ ಹಾಗೆಯೇ ಉಳಿಯಿತು. ವೋಲ್ಗೊಗ್ರಾದ್‌ನ ಜಪಾನ್ ಇಷ್ಟು ಕೆಳಗಿಳಿಯಲಿಲ್ಲ ನಿಜ. ಆದರೆ ಆಗಲೇ ಟೂರ್ನಿಯಿಂದ ಹೊರಬಿದ್ದಿದ್ದ ಪೋಲೆಂಡ್ ಗೆಲುವು ಸಿಕ್ಕರೆ ಸಾಕೆಂದು ಸುಮ್ಮನೆ ನಿಂತಿತು, ಸೋಲು ಸಾಕೆಂದು ಜಪಾನ್ ಸುಮ್ಮನೆ ನಿಂತಿತು. ಕೊನೆಯ ಹತ್ತು ನಿಮಿಷ ಎರಡೂ ತಂಡಗಳಿಗೆ ಒಂದೇ ಬಯಕೆ. ಎರಡು ತಂಡಗಳಿಗೆ ಒಂದೇ ಬಯಕೆ ಇದ್ದರೆ ಅದನ್ನು ಪಂದ್ಯ ಎನ್ನುವುದು ಹೇಗೆ?

ಹಿಹೋನ್ ಆದ ಮೇಲೆ, 1986ರಿಂದ ಗುಂಪಿನ ಕೊನೆಯ ಪಂದ್ಯಗಳು ಒಂದೇ ಹೊತ್ತಿಗೆ ನಡೆಯತೊಡಗಿದವು. ನಿಯಮ ಬದಲಿಸಬೇಕಾಗಿ ಬಂದದ್ದು ಇದೊಂದೇ ಸಲವಲ್ಲ. 1990ರ ಇಟಲಿ ವಿಶ್ವಕಪ್ ನೆನಪಿರುವವರಿಗೆ ಆ ದೃಶ್ಯವೂ ನೆನಪಿರುತ್ತದೆ. ಡಿಫೆಂಡರ್ ಚೆಂಡನ್ನು ತನ್ನ ಗೋಲ್‌ಕೀಪರ್ ಕಡೆ ತಟ್ಟುತ್ತಾನೆ. ಕೀಪರ್ ಬಾಗಿ ಎತ್ತಿಕೊಳ್ಳುತ್ತಾನೆ. ಎದೆಗವಚಿಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾನೆ, ಅತ್ತಿತ್ತ ನೋಡುತ್ತಾನೆ, ಅದೇ ಡಿಫೆಂಡರ್‌ಗೆ ಉರುಳಿಸುತ್ತಾನೆ. ಎದುರಾಳಿ ಓಡಿ ಬಂದ ಕೂಡಲೇ ಚೆಂಡು ಮತ್ತೆ ಕೀಪರ್ ಕೈಗೆ. ಆ ಟೂರ್ನಿಯಲ್ಲಿ 52 ಪಂದ್ಯಗಳಿಗೆ 115 ಗೋಲುಗಳು ಬಂದವು; ಪಂದ್ಯಕ್ಕೆ ಸರಾಸರಿ 2.21, ವಿಶ್ವಕಪ್ ಚರಿತ್ರೆಯಲ್ಲೇ ಕನಿಷ್ಠ. ಐರ್ಲೆಂಡ್ ನಿಗದಿತ ಆಟದಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ, ಒಟ್ಟು ಎರಡೇ ಗೋಲು ಹೊಡೆದು ಎಂಟರ ಘಟ್ಟಕ್ಕೆ ಬಂತು. ಫೈನಲ್‌ಗೆ ಬಂದ ಅರ್ಜೆಂಟೀನಾ ಎಂಟರ ಘಟ್ಟವನ್ನೂ ಸೆಮಿಫೈನಲ್ಲನ್ನೂ ದಾಟಿದ್ದು ಶೂಟೌಟ್‌ನಲ್ಲಿ. ಫೈನಲ್‌ನಲ್ಲಿ ಅದಕ್ಕೆ ಸಿಕ್ಕದ್ದು ಎರಡು ಕೆಂಪು ಕಾರ್ಡ್.

1992ರಲ್ಲಿ ಸಹಆಟಗಾರ ಕಾಲಿನಿಂದ ಬೇಕೆಂದೇ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟಬಾರದು ಎಂಬ ನಿಯಮ ಬಂತು. 1994ರ ವಿಶ್ವಕಪ್‌ನಲ್ಲಿ ಗೆಲುವಿಗೆ ಎರಡರ ಬದಲು ಮೂರು ಅಂಕವಾಯಿತು. 2022ರಲ್ಲಿ ಪೋಲಾದ ಸಮಯವನ್ನೆಲ್ಲ ಲೆಕ್ಕ ಹಿಡಿದು ಹೆಚ್ಚುವರಿಯಾಗಿ ಸೇರಿಸಿದರು. 2025ರಲ್ಲಿ ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್ ಎಂದಾಯಿತು. ಆಡದೆ ಗೆಲ್ಲುವುದು ಅಷ್ಟು ಸರಿಯಾದ ದಾರಿಯಾಗಿದ್ದರೆ ಮೂವತ್ತು ವರ್ಷದಿಂದ ಅದಕ್ಕೆ ಬೇಲಿ ಹಾಕುತ್ತಾ ಬಂದಿರುವುದು ಯಾಕೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬಡತನದ ವಾದ ನನಗೆ ಒಪ್ಪಿಗೆ. ಮೂರೂವರೆ ಲಕ್ಷದ ಆಸುಪಾಸಿನ ಜನಸಂಖ್ಯೆಯ ಐಸ್‌ಲ್ಯಾಂಡ್, ದಂತವೈದ್ಯರೊಬ್ಬರನ್ನು ಕೋಚ್ ಆಗಿಸಿಕೊಂಡು 2018ರಲ್ಲಿ ಅರ್ಜೆಂಟೀನಾವನ್ನು 1–1ಕ್ಕೆ ಹಿಡಿದು ನಿಲ್ಲಿಸಿತು. ಅವರ ಕೀಪರ್ ಮೆಸ್ಸಿಯ ಪೆನಾಲ್ಟಿ ತಡೆದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆದರೆ 2010ರ ನೆದರ್‌ಲೆಂಡ್ಸ್‌ಗೆ ಏನು ಬಡತನವಿತ್ತು? ರಾಬೆನ್, ಸ್ನೈಡರ್, ವಾನ್ ಪರ್ಸಿ ಇದ್ದ ತಂಡ ಅದು. 1974ರಲ್ಲಿ ನಾಯಕ ಕ್ರೈಫ್ ಜೊತೆ ಫೈನಲ್ ಸೋತೂ ಫುಟ್‌ಬಾಲಿನ ಆಲೋಚನೆಯನ್ನೇ ಬದಲಿಸಿದ ದೇಶ. 2010ರ ಫೈನಲ್‌ನಲ್ಲಿ ಸ್ಪೇನ್ ಎದುರು ಆ ಚರಿತ್ರೆಯನ್ನೆಲ್ಲ ಮೂಲೆಗಿಟ್ಟು ಕಾಲುಗಳಿಗೆ ಒದೆಯುವುದನ್ನೇ ತಂತ್ರ ಮಾಡಿಕೊಂಡರು. ನೈಜೆಲ್ ಡಿ ಯಾಂಗ್ ಅವರ ಬೂಟಿನ ಅಡಿ ಶಾಬಿ ಅಲೊನ್ಸೊ ಎದೆಗೆ ನೇರವಾಗಿ ಅಪ್ಪಳಿಸಿತು, ರೆಫರಿ ತೋರಿಸಿದ್ದು ಬರೀ ಹಳದಿ ಕಾರ್ಡ್. ಎರಡೂ ಕಡೆ ಸೇರಿ ಆ ರಾತ್ರಿ 14 ಹಳದಿ ಕಾರ್ಡ್. ಆ ತಂಡವನ್ನು ಕಟುವಾಗಿ ಟೀಕಿಸಿದವರಲ್ಲಿ ಸ್ವತಃ ಕ್ರೈಫ್ ಕೂಡ ಇದ್ದರು. ಅದೂ ಸೋತರು, ಇದೂ ಸೋತರು. ಮೊದಲ ಸೋಲನ್ನು ಅವರ ಮೊಮ್ಮಕ್ಕಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಬ್ರೆಜಿಲ್ ಮಾತಿಗೆ ಬರುತ್ತೇನೆ. ಡ್ರಾ ಸಾಕಾಗಿದ್ದಾಗ ಬಾಗಿಲು ಹಾಕಲಿಲ್ಲ ಎಂದು ಅವರು ಬೈಯುತ್ತಾರೆ. ರೋಸ್ಸಿಯ ಎರಡನೇ ಗೋಲು ಬಂದದ್ದು ಹೇಗೆಂದು ನೋಡಿ. ಬ್ರೆಜಿಲ್ ತನ್ನದೇ ಅರ್ಧದಲ್ಲಿ ಚೆಂಡು ಆಡಿಸುತ್ತಿದ್ದಾಗ ಸೆರೆಜೊ ಅಡ್ಡಲಾಗಿ ಕೊಟ್ಟ ಒಂದು ಸೋಮಾರಿ ಪಾಸ್ ರೋಸ್ಸಿ ಕಾಲಿಗೆ ಸಿಕ್ಕಿತು. ಮೂರನೆಯದು ಬಂದದ್ದು ಕಾರ್ನರ್‌ನಿಂದ, ಆಗ ಬ್ರೆಜಿಲ್ ಆಟಗಾರರೆಲ್ಲ ತಮ್ಮ ಗೋಲಿನ ಮುಂದೆಯೇ ತುಂಬಿಕೊಂಡಿದ್ದರು. ಅತಿಯಾಗಿ ಆಕ್ರಮಣ ಮಾಡಿ ಸೋತರು ಎಂಬುದು ದಂತಕಥೆ. ಮೇಲಾಗಿ ಆ ದಿನ ಇಟಲಿಯೂ ಮೂಲೆ ಹಿಡಿದು ಕೂರಲಿಲ್ಲ, ಮೂರು ಸಲ ಮುನ್ನಡೆ ಪಡೆಯಿತು. ಎರಡು ತಂಡಗಳೂ ಆಡಿದ್ದರಿಂದಲೇ ಅದು ಅಂಥ ಪಂದ್ಯವಾಯಿತು. ಹನ್ನೆರಡು ವರ್ಷದ ಬಳಿಕ ಬ್ರೆಜಿಲ್ ಎಚ್ಚರಿಕೆಯ ಆಟವಾಡಿ, 0–0 ಫೈನಲ್‌ನ ಕೊನೆಗೆ ಪೆನಾಲ್ಟಿಯಲ್ಲಿ ಕಪ್ ಗೆದ್ದಿತು. ಗೆದ್ದ ಎತ್ತಿನ ಬಾಲ ಹಿಡಿಯಲು ಎಲ್ಲರೂ ಬಂದರು. ಆದರೂ ಆ ಎರಡು ತಂಡಗಳಲ್ಲಿ ಒಂದರ ಕಥೆ ಹೇಳಿ ಎಂದರೆ ಜನ ಆಯ್ದುಕೊಳ್ಳುವುದು ಸೋತವರನ್ನೇ.

ಕೊನೆಯದಾಗಿ ಜಪಾನಿನ ಆ ಇನ್ನೊಂದು ರಾತ್ರಿ, ರಾಸ್ತೊವ್. 2–2, 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದ ನಾಲ್ಕನೇ ನಿಮಿಷ, ಜಪಾನಿಗೆ ಕಾರ್ನರ್. ಹೊಂಡಾ ಬೇಕಿದ್ದರೆ ಚೆಂಡನ್ನು ಪಕ್ಕದವನಿಗೆ ತಟ್ಟಿ, ಮೂಲೆಯಲ್ಲೇ ಹಿಡಿದಿಟ್ಟುಕೊಂಡು ಅರ್ಧ ನಿಮಿಷ ಕಳೆಯಬಹುದಿತ್ತು. ನಿಶಿನೊ ಅವರ ವೋಲ್ಗೊಗ್ರಾದ್ ಲೆಕ್ಕ ಹೇಳುವುದೂ ಅದನ್ನೇ. ಅವರು ಗೋಲಿಗೆ ಎತ್ತಿ ಒದ್ದರು. ಬೆಲ್ಜಿಯಂ ಕೀಪರ್ ಕೋರ್ಟ್ವಾ ಹಿಡಿದು ಡಿ ಬ್ರೂಯ್ನ ಕಡೆ ಉರುಳಿಸಿದರು. ಡಿ ಬ್ರೂಯ್ನ ಮೈದಾನದ ನಡುವೆ ಓಡಿ ಬಲಕ್ಕೆ ಮುನಿಯೆಗೆ ಕೊಟ್ಟರು. ಮುನಿಯೆ ಅಡ್ಡಲಾಗಿ ಒದ್ದ ಚೆಂಡನ್ನು ಲುಕಾಕು ಮುಟ್ಟದೆ ಕಾಲುಗಳ ನಡುವೆ ಬಿಟ್ಟರು, ಹಿಂದಿನಿಂದ ಬಂದ ಶಾದ್ಲಿ ಬಲೆಗೆ ಸೇರಿಸಿದರು. ಎಲ್ಲ ಸೇರಿ ಹತ್ತು ಸೆಕೆಂಡಿನ ಆಸುಪಾಸು. ಜಪಾನ್ ಆಟಗಾರರು ಹುಲ್ಲಿನ ಮೇಲೆ ಕುಸಿದರು. ಆಮೇಲೆ ಅವರ ಡ್ರೆಸ್ಸಿಂಗ್ ಕೋಣೆ ಗುಡಿಸಿ ಒರೆಸಿದಂತೆ ಇತ್ತು, ರಷ್ಯನ್ ಭಾಷೆಯಲ್ಲಿ 'ಧನ್ಯವಾದ' ಎಂದು ಬರೆದಿಟ್ಟ ಚೀಟಿಯೊಂದಿತ್ತು.

ವೋಲ್ಗೊಗ್ರಾದ್‌ನ ಆ ಹತ್ತು ನಿಮಿಷವನ್ನು ನಾನು ಎರಡನೇ ಸಲ ನೋಡಿಲ್ಲ, ನೋಡಿದವರೂ ನನಗೆ ಗೊತ್ತಿಲ್ಲ. ರಾಸ್ತೊವ್‌ನ ಹತ್ತು ಸೆಕೆಂಡನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೋರ್ಟ್ವಾ ಕೈಯಿಂದ ಚೆಂಡು ಜಾರೀತೇನೋ ಎಂದು ಕಾಯುತ್ತೇನೆ. ಜಾರುವುದಿಲ್ಲ.