ಹತ್ತಕ್ಕೆ ಮಲಗುವ ಅತಿಥಿಗಳು

ನಮ್ಮನೆ ಕೂಸಿಗೆ ನಾಲ್ಕು ವರ್ಷ, ಎಲ್‌ಕೆಜಿ. ಈ ಸಲ ಶಾಲೆಯ ಗ್ಯಾದರಿಂಗಿನಲ್ಲಿ ಅವಳದ್ದು ಕೋಳಿ ಡಾನ್ಸ್. ಕಾರವಾರದವರಿಗೆ ಬಿಡಿಸಿ ಹೇಳಬೇಕಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಇದು ಕೂಗುವ ಕೋಳಿ ಅಲ್ಲ, ಮೀನು ಹಿಡಿಯುವವರ ಕುಣಿತ. ಆದರೆ ಅವತ್ತು ಕೂಗುವ ಕೋಳಿ ಏಳುವ ತನಕ ನಡೆಯುತ್ತದೇನೋ ಅನ್ನಿಸಿತ್ತು.

ಆಮಂತ್ರಣದಲ್ಲಿ 'ಸಂಜೆ 6 ಗಂಟೆಗೆ ಸರಿಯಾಗಿ' ಎಂದಿತ್ತು. ಹಾಗಾಗಿ ಮೇಕಪ್ಪಿಗೆ ಮಕ್ಕಳು 3ಕ್ಕೇ ಹಾಜರು. ಮಧ್ಯಾಹ್ನದ ನಿದ್ದೆ ಅಲ್ಲಿಗೆ ಹೋಯಿತು. ಕೈಗೊಂದು ಬುಟ್ಟಿ, ಅದರಲ್ಲಿ ರಟ್ಟಿನ ಬಂಗಡೆ ಮೀನು. ವೇದಿಕೆ ಮೇಲೆ 14 ಜನ ಗಣ್ಯರು. ಒಬ್ಬೊಬ್ಬರೂ ಒಂದೊಂದು ಬತ್ತಿ ಹಚ್ಚುವುದು, ಕಡಲಗಾಳಿ ಆರಿಸುವುದು, ಮತ್ತೆ ಹಚ್ಚುವುದು. ಆಮೇಲೆ ಶಾಲು, ಹಾರ, ನೆನಪಿನ ಕಾಣಿಕೆ, ವರದಿ ವಾಚನ.

ಮುಖ್ಯ ಅತಿಥಿಗಳು ಆರಿಸಿಕೊಂಡ ವಿಷಯ ಏನು ಗೊತ್ತಾ? ಮಕ್ಕಳ ನಿದ್ದೆ! ಒಳ್ಳೇ ತಯಾರಿ ಮಾಡಿದ್ದರು, ಒಂದು ಮಾತೂ ತಪ್ಪಿಲ್ಲ. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನದ್ದೂ ಸೇರಿ ದಿನಕ್ಕೆ 10ರಿಂದ 13 ತಾಸು ನಿದ್ದೆ ಬೇಕು. ದಿನಾ ಒಂದೇ ಹೊತ್ತಿಗೆ ಮಲಗಿಸಿ. ಮಲಗುವ ಒಂದು ತಾಸು ಮೊದಲೇ ಟಿವಿ, ಮೊಬೈಲು ಬಂದ್ ಮಾಡಿ, ದೀಪ ಸಣ್ಣ ಮಾಡಿ, ಕಣ್ಣಿಗೆ ಬೆಳಕು ಹೊಡೆಯುತ್ತಿದ್ದರೆ ನಿದ್ದೆ ತರಿಸುವ ಮೆಲಟೋನಿನ್ ಏರುವುದಿಲ್ಲ ಅಂತ ಅವರು ಹೇಳುವಾಗ ಫೋಕಸ್ ಲೈಟು ನೇರ ಎಲ್‌ಕೆಜಿ ಸಾಲಿನ ಮುಖಕ್ಕಿತ್ತು. ಗಂಟೆ 9.20. ನಿದ್ದೆಗೆಟ್ಟ ಮಕ್ಕಳು ಎಷ್ಟೋ ಸಲ ತೂಕಡಿಸುವುದಿಲ್ಲ, ಹಟ ಮಾಡುತ್ತವೆ, ಕುಣಿಯುತ್ತವೆ ಅಂದರು. ಎದುರಿನ ಸಾಲು ಕುರ್ಚಿ ಹತ್ತಿ ಕುಣಿಯುತ್ತಿತ್ತು. ಅದನ್ನು ತೋರಿಸಿ "ನೋಡಿ, ಎಷ್ಟು ಚಟುವಟಿಕೆ!" ಅಂದರು.

ಇಳಿದು ಹೋಗುವಾಗ ಕ್ಷಮೆಯನ್ನೂ ಕೇಳಿದರು. "ಪುಟಾಣಿಗಳ ಡಾನ್ಸ್ ನೋಡಬೇಕಿತ್ತು. ಏನು ಮಾಡಲಿ, ನನಗೆ ಹತ್ತಕ್ಕೆ ಮಲಗುವ ಅಭ್ಯಾಸ."

ಸಣ್ಣವರನ್ನು ಕೊನೆಗೆ ಯಾಕೆ ಇಡುತ್ತಾರೆ ಅಂತ ಒಬ್ಬ ಟೀಚರನ್ನು ಕೇಳಿದೆ. ಪಾಪ, ಸತ್ಯ ಹೇಳಿದರು. "ಅವರದ್ದು ಮೊದಲು ಮುಗಿದರೆ ಪಾಲಕರು ಎದ್ದು ಹೋಗ್ತಾರೆ ಸರ್, ಖಾಲಿ ಕುರ್ಚಿಗೆ ಭಾಷಣ ಮಾಡ್ಬೇಕಾಗ್ತದೆ." ಅಂದರೆ ನಮ್ಮ ಕೂಸು ಅಲ್ಲಿದ್ದದ್ದು ಕುಣಿಯಲಿಕ್ಕಲ್ಲ, ನಮ್ಮನ್ನು ಕೂರಿಸಲಿಕ್ಕೆ. ಸೊಸೈಟಿಯಲ್ಲಿ ಬಂಗಾರ ಅಡವಿಟ್ಟ ಹಾಗೆ.

ಶಬ್ದ ಮಾಲಿನ್ಯದ ನಿಯಮ 2000ದಿಂದಲೇ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕು ಬಂದ್. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರ ತನಕ ಬಿಡಬಹುದು. ಆ 15 ದಿನ ಯಾವುವು ಅಂದರೆ ನಮ್ಮೂರಲ್ಲಿ ಎಲ್ಲರೂ 'ಇವತ್ತು' ಅನ್ನುತ್ತಾರೆ. ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಬೇರೆ. ಆ ಬೋರ್ಡು ಗೇಟಿನ ಪಕ್ಕವೇ ಇತ್ತು, ದೊಡ್ಡ ಸ್ಪೀಕರನ್ನು ಅದಕ್ಕೇ ಒರಗಿಸಿದ್ದರು.

"ನಾವು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರಲ್ವಾ?" ಅಂದರು ಪಕ್ಕದವರು. ಹೌದು. ಆದರೆ ಆಟದಲ್ಲಿ ನಮಗೆ ಕಂಬಳಿ ಇತ್ತು. ಬೇಕಾದಾಗ ಮಲಗುತ್ತಿದ್ದೆವು. ಬಣ್ಣದ ವೇಷ ಬಂದಾಗ ಅಮ್ಮ ಚಿವುಟಿ ಎಬ್ಬಿಸುತ್ತಿದ್ದಳು, ಹೆದರಿ ಮತ್ತೆ ಒಳಗೆ ಸೇರುತ್ತಿದ್ದೆವು. ವೇಷ ಕಟ್ಟಿ ಕಾದು ಕೂತಿರಲಿಲ್ಲ. ಈಗಂತೂ ಯಕ್ಷಗಾನಕ್ಕೇ ಕಾಲಮಿತಿ ಬಂದಿದೆ. ಭೀಮ, ದುರ್ಯೋಧನರೂ ಹೊತ್ತಿಗೆ ಸರಿಯಾಗಿ ಗದೆ ಇಟ್ಟು ಮನೆಗೆ ಹೋಗುತ್ತಾರೆ.

11.10ಕ್ಕೆ ಎಲ್‌ಕೆಜಿಯವರನ್ನು ಕರೆದರು. ಹನ್ನೊಂದರಲ್ಲಿ ಆರು ಮಕ್ಕಳು ವೇದಿಕೆ ಮುಟ್ಟಿದವು. ಒಂದು ಅತ್ತಿತು. ನಮ್ಮ ಕೂಸು ನಡುವೆ ಕೂತು, ಬುಟ್ಟಿಗೆ ತಲೆಯಿಟ್ಟು ಮಲಗಿಯೇಬಿಟ್ಟಳು. ಇಡೀ ರಾತ್ರಿಯಲ್ಲೇ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಬೆಳಿಗ್ಗೆ 7ಕ್ಕೆ ವಾಟ್ಸಾಪಿನಲ್ಲಿ ಶಾಲೆಯ ಮೆಸೇಜು. 'ಬಾಡಿಗೆ ಡ್ರೆಸ್ 8 ಗಂಟೆಯೊಳಗೆ ವಾಪಸ್ ತನ್ನಿ. ಒಂದು ಬಂಗಡೆ ಕಮ್ಮಿ ಇದೆ.' ಬಂಗಡೆ ನಮ್ಮನೆಯಲ್ಲೇ ಇದೆ, ಕೂಸಿನ ಮುಷ್ಟಿಯಲ್ಲಿ. ಎಳೆದರೆ ಏಳುತ್ತಾಳೆ. ದಂಡ ಎಷ್ಟಾಗುತ್ತದೆ ಹೇಳಿ, ಕಟ್ಟುತ್ತೇನೆ.