ರೊಟ್ಟಿ ಬಡಿಯಲಾಗುವುದು

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಾಗ ನಮ್ಮ ಕಲಬುರಗಿಗೆ ಶೇ 42.43, ರಾಜ್ಯಕ್ಕೇ ಕಡೇ ನಂಬರ್. ಅದರ ಹಿಂದಿನ ವರ್ಷ ಆ ಮಾನ ಯಾದಗಿರಿಗಿತ್ತು. ಬಾಜೂ ಜಿಲ್ಲಾದವರು ಹಂಚಿಕೊಂಡು ತಿನ್ನೋದು ಅಂದ್ರ ಹಿಂಗ. ಫಲಿತಾಂಶ ಬಂದಾಗೊಮ್ಮೆ ಬ್ಯಾನರ್ ಏರ್ತಾವ: ‘30 ದಿನದಲ್ಲಿ ಸ್ಪೋಕನ್ ಇಂಗ್ಲಿಷ್’.

30 ದಿನ ಕಲಿತರೂ ‘ಡಿಸ್ಕಸ್ ಅಬೌಟ್’ ಮಾತ್ರ ನಾಲಿಗಿ ಬಿಡಂಗಿಲ್ಲ. ನಾವು ‘ನೀರಿನ ಬಗ್ಗೆ ಚರ್ಚಿಸಿದರು’ ಅಂತೀವಲ್ಲ, ಆ ‘ಬಗ್ಗೆ’ ಇಂಗ್ಲಿಷಿಗೂ ಬೆನ್ನು ಹತ್ತಿ ಹೋಗ್ತದ. ಡಿಸ್ಕಸ್ ಕ್ರಿಯಾಪದ, ಅದರ ಮುಂದ ವಿಷಯ ಸೀದಾ ಬಂದು ಕೂಡಬೇಕು. ‘ಡಿಸ್ಕಶನ್’ ಅಂತ ನಾಮಪದ ಆದಾಗ ‘ಅಬೌಟ್’ ಬರ್ತದ. ರಿಕ್ವೆಸ್ಟ್‌ದು ಇನ್ನೂ ಮಜಾ. ನಾಮಪದ, ಕ್ರಿಯಾಪದ ಎರಡಕ್ಕೂ ಅದೇ ಸ್ಪೆಲಿಂಗ್, ಖರೆ ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟ್ ಫಾರ್ ಲೀವ್’ ತಪ್ಪು. ಹಂಗಂತ ಯಾರ ರಜಾನೂ ನಿಂತಿಲ್ಲ ಬಿಡ್ರಿ.

‘ಟೆಲ್ ಮಿ’ ನಡೀತದ, ‘ಎಕ್ಸ್‌ಪ್ಲೇನ್ ಮಿ’ ನಡಿಯಂಗಿಲ್ಲ, ನಡುವ ‘ಟು’ ಬೇಕು. ನಮ್ಮಲ್ಲಿ ‘ನನಗ ಹೇಳು’, ‘ನನಗ ವಿವರಿಸು’, ಎರಡಕ್ಕೂ ಒಂದೇ ‘ನನಗ’. ಹುಡುಗರು ಎಡವೋದು ಇಲ್ಲೇ. ಇಷ್ಟು ಹೇಳಾಕ ಎರಡು ನಿಮಿಷ ಸಾಕು, ಹೇಳೋ ಮಾಸ್ತರು ಬೇಕು.

ಇನ್ನು ಆಫೀಸಿನ ‘ಫರ್ನಿಚರ್ಸ್’, ‘ಇಕ್ವಿಪ್‌ಮೆಂಟ್ಸ್’. ತೊಗರಿಗಳು ಅಂತ ಯಾರರೆ ಅಂತಾರೇನ್ರಿ? ನಾಕು ಚೀಲ ತೊಗರಿ ಅಂತೀವಿ. ಫರ್ನಿಚರ್ರೂ ತೊಗರಿ ಇದ್ದಂಗ, ಎಣಿಸಬೇಕಂದ್ರ ‘ಪೀಸಸ್ ಆಫ್’ ಅನ್ನೋ ಚೀಲ ಬೇಕು. ಶಾಲಿಯೊಳಗ ಬೆಂಚ್ ಒಂದೂ ಇಲ್ಲದಿದ್ರೂ ಪತ್ರದಾಗ ಬಹುವಚನ ಗಟ್ಟಿ ಇರ್ತದ.

ಆದ್ರ ಒಂದು ವಿದ್ಯಾಕ್ಕ ಆಫೀಸಿನವರಿಗೆ ಶರಣು ಅನ್ನಬೇಕು. ಜೀವ ಇರೋ ಕ್ರಿಯಾಪದ ಹಿಡಿದು ನಾಮಪದ ಮಾಡಿ ಕುಂದ್ರಸ್ತಾರ, ಅದನ್ನ ಹೊರಾಕ ಒಂದು ಬಡಕಲು ಕ್ರಿಯಾಪದ ಬಾಡಿಗಿ ತರ್ತಾರ. ‘ಇನ್ಸ್‌ಪೆಕ್ಟ್’ ಹೋಗಿ ‘ಕಂಡಕ್ಟ್ ಎನ್ ಇನ್ಸ್‌ಪೆಕ್ಷನ್’. ‘ಆಕ್ಟ್’ ಹೋಗಿ ‘ಟೇಕ್ ಆಕ್ಷನ್’. ಅದನ್ನೂ ತಿರುವಿ ‘ಆಕ್ಷನ್ ವಿಲ್ ಬಿ ಟೇಕನ್’ ಅಂದುಬಿಟ್ರ ಮುಗೀತು, ಕರ್ತೃ ಪರಾರಿ. ಯಾರು, ಯಾವಾಗ ಅಂತ ಕೇಳಾಕ ವಾಕ್ಯದಾಗ ಕುರ್ಚೀನೇ ಇಲ್ಲ. ಕನ್ನಡದಾಗ ಅದೇ ‘ಕ್ರಮ ಕೈಗೊಳ್ಳಲಾಗುವುದು’. ಮನ್ಯಾಗ ಯಾರರೆ ‘ರೊಟ್ಟಿ ಬಡಿಯಲಾಗುವುದು’ ಅಂದ್ರ ಅವತ್ತು ಉಪಾಸಾನೇ.

ನಾಮಪದದ ಕೆಲಸ ಮಾತ್ರ ನಮ್ಮಲ್ಲಿ ಬರೋಬರಿ ಆಗ್ತದ. 2014ರಾಗ ಗುಲ್ಬರ್ಗ ಹೋಗಿ ಕಲಬುರಗಿ ಆಯ್ತು, 2019ರಾಗ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಬೋರ್ಡ್ ಬದಲಾದ್ವು, ಲೆಟರ್‌ಹೆಡ್ ಬದಲಾದ್ವು. ಸಾಕಾಗ್ಯದ್ರಿ. ‘ಮಾಸ್ತರನ್ನ ಕಳಸ್ರಿ’ ಅಂತ ಊರವರು ಕೇಳಿದ್ರ ‘ಹುದ್ದೆ ಭರ್ತಿ ಪ್ರಕ್ರಿಯೆ ಪ್ರಗತಿಯಲ್ಲಿದೆ’ ಅಂತ ಉತ್ತರ. ನಾಕು ನಾಮಪದ ಬಂದ್ವು. ಮಾಸ್ತರು ಬರಲಿಲ್ಲ. ‘ಹುಡುಗ ಫೇಲಾದ’ ಅನ್ನೋ ವಾಕ್ಯಕ್ಕ ಮಾತ್ರ ಕರ್ತೃ ಅದಾನ, ಹಾಲ್ ಟಿಕೆಟ್ ನಂಬರಿನ ಸಮೇತ.

ಬ್ಯಾನರಿನ ಕೆಳಗ ‘ಅಡ್ಮಿಶನ್ಸ್ ಓಪನ್’ ಅಂತ ಬರದಾರ. ಅಲ್ಲಿ ಬಹುವಚನ ಬರೋಬರಿ ಅದ.