ರಸ್ತೆ ಬೇಡ ಅಂದಿದ್ದಕ್ಕೆ ಬೈದ ಗೆಳೆಯನಿಗೆ

ಮೊನ್ನೆ ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಫೋಟೋ ಹಾಕಿದ್ದ. ಮೋರ್ಯರ ಮನೆ ಅಂತ ಜನ ಕರೆಯುವ ಹಳೇ ಕಾಲದ ಕಲ್ಲಿನ ಸಮಾಧಿಗಳ ಮುಂದೆ ಬೆವರು ಸುರಿಸುತ್ತ ನಿಂತ ಸೆಲ್ಫಿ. ಕೆಳಗೆ, "ಇಂಥಾ ಜಾಗಕ್ಕ ಕಾರು ಹೋಗೋ ರಸ್ತೆ ಇಲ್ಲಂದ್ರ ನಾಚಿಕಿ ಆಗಬೇಕು" ಅಂತ ಬರೆದಿದ್ದ. ಎಲ್ಲರೂ ಹೌದು ಹೌದು ಅಂದರು. ನಾನು "ರಸ್ತೆ ಬ್ಯಾಡ" ಅಂತ ಎರಡೇ ಪದ ಹಾಕಿದೆ. ಅಷ್ಟಕ್ಕೇ ಶುರುವಾಯಿತು. "ದೂರ ಕುಂತು ಹೇಳೋರಿಗೆ ಏನು ಬಿಡಪಾ, ನಿಮಗ ಕಲ್ಲು ಚಂದ, ನಮಗ ಹಾದಿ ಬೇಕು" ಅಂದ.

ನಾನಿರುವುದು ಕೊಪ್ಪಳದಲ್ಲಿ. ಅದೇನು ದೂರವಲ್ಲ. ಆದರೆ ಆ ಮಾತು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷದ ಹಿಂದೆ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ನಾನೇ ಬೇರೆಯವರನ್ನು ಬೈದಿದ್ದೆ.

ಆನೆಗೊಂದಿ–ತಳವಾರಘಟ್ಟ ಸೇತುವೆಯ ಗಲಾಟೆ ನೆನಪಿದೆಯಾ? ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ತುಂಗಭದ್ರೆಗೆ ಅಡ್ಡವಾಗಿ, ಹಂಪಿಗೂ ಆನೆಗೊಂದಿಗೂ ನಡುವೆ ವಾಹನ ಓಡಾಡುವ ಸೇತುವೆ ಕಟ್ಟಲು ಶುರು ಮಾಡಿದ್ದರು. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಈ ಸೇತುವೆ, ಜೊತೆಗೆ ವಿರುಪಾಪುರ ಗಡ್ಡಿಯ ಕಡೆ ಇನ್ನೊಂದು ಕಾಲುಸೇತುವೆ, ಎರಡನ್ನೂ ನೋಡಿ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕೆಲಸ ನಿಂತಿತು. ಆಗ ನಾನು ಗಂಗಾವತಿಯಲ್ಲಿ ಕಾಲೇಜು ಓದುತ್ತಿದ್ದೆ. ನಮಗೆಲ್ಲ ಮೈ ಉರಿದಿತ್ತು.

ಯಾಕೆ ಉರಿಯಿತು ಅಂತ ಹೇಳುತ್ತೇನೆ. ನನ್ನ ಸೋದರಮಾವನ ಮನೆ ಕಮಲಾಪುರದಲ್ಲಿತ್ತು. ಆನೆಗೊಂದಿಯ ನಮ್ಮ ಮನೆಯಿಂದ ಹೊಳೆ ದಾಟಿದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು. ಒಂದು ಶ್ರಾವಣದಲ್ಲಿ ಮಾವ ತೀರಿಕೊಂಡ. ಡ್ಯಾಮಿನ ಗೇಟು ತೆಗೆದಿದ್ದರು, ಹೊಳೆ ತುಂಬಿ ಹರಿಯುತ್ತಿತ್ತು, ಅಂಬಿಗರು ಹರಿಗೋಲನ್ನು ದಡಕ್ಕೆ ಬೋರಲು ಹಾಕಿದ್ದರು. ಕಂಪ್ಲಿ ಸೇತುವೆ ಮೇಲೂ ನೀರು. ಕೊನೆಗೆ ಮುನಿರಾಬಾದ್, ಹೊಸಪೇಟೆ ಅಂತ ಸುತ್ತು ಹಾಕಿ ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮಣ್ಣು ಮುಗಿದಿತ್ತು. ಅವ್ವ ತನ್ನ ಅಣ್ಣನ ಮುಖ ನೋಡಲಿಲ್ಲ. ಬೆಳಿಗ್ಗೆ ಹೊಳೆದಂಡೆಯಲ್ಲಿ ನಿಂತಾಗ ಆಚೆ ದಡದ ಮಂಟಪ ಅವಳ ಕಣ್ಣಿಗೆ ಕಾಣುತ್ತಿತ್ತು.

ಇಂಥದ್ದು ಈ ಕಡೆ ಮನೆಗೊಂದು ಸಿಗುತ್ತದೆ. ಹಾಗಾಗಿ ಸೇತುವೆ ಬೇಡ ಅಂದವರು ನಮಗೆ ವೈರಿಗಳ ಹಾಗೆ ಕಂಡರು. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ಇನ್ನೂ ನಿಂತಿವೆ. "ಅರಸರ ಕಾಲಕ್ಕ ಸೇತುವೆ ಇತ್ತು, ನಮಗ ಯಾಕ ಬ್ಯಾಡ?" ಅಂತ ಕೇಳುತ್ತಿದ್ದೆವು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಇಲ್ಲಿಯ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಬರೆದಿದ್ದಾನೆ. ಅದನ್ನು ಓದಿದವರಿಗೆ ರೋಮಾಂಚನ. ನಾವು ಅದೇ ದೋಣಿಯಲ್ಲಿ ಬೈಕು ಹೇರಿಕೊಂಡು ದಾಟುತ್ತಿದ್ದೆವು, ಮೇಲಿಂದ ಪ್ರವಾಸಿಗರು ನಮ್ಮ ಫೋಟೋ ತೆಗೆಯುತ್ತಿದ್ದರು.

ನನ್ನ ಮನಸ್ಸು ಬದಲಾದದ್ದು ಯಾರ ಭಾಷಣದಿಂದಲೂ ಅಲ್ಲ. ಒಂದು ದಿನ ಹಂಪಿ ಕಡೆಯ ದಡದಲ್ಲಿ, ತಳವಾರಘಟ್ಟದ ಅಗಸಿಯ ಕೆಳಗೆ ಮಳೆಗೆ ನಿಂತಿದ್ದೆ. ವಿಜಯನಗರ ಕಾಲದ ಎರಡಂತಸ್ತಿನ ಬಾಗಿಲು ಅದು. ಸುಮ್ನೆ ಮೇಲೆ ನೋಡುತ್ತ ಲೆಕ್ಕ ಹಾಕಿದೆ. ಸೇತುವೆ ಆದರೆ ಅದರ ಮೇಲೆ ಬರೀ ನಮ್ಮ ಅವ್ವನ ಬಸ್ಸು ಬರುತ್ತದಾ? ಗಂಗಾವತಿಯ ಭತ್ತದ ಲಾರಿ ಬರುತ್ತದೆ. ಅಕ್ಕಿ ಮಿಲ್ಲಿನ ಲಾರಿ ಬರುತ್ತದೆ. ಆ ಕಾಲಕ್ಕೆ ಹೊಸಪೇಟೆ, ಸಂಡೂರು ಕಡೆ ಅದಿರಿನ ಲಾರಿಗಳು ರಸ್ತೆಯನ್ನೇ ತಿಂದು ಹಾಕಿದ್ದವು, ಅವೂ ಅಡ್ಡದಾರಿ ಹುಡುಕಿಕೊಂಡು ಬಂದರೆ? ಇವೆಲ್ಲ ಈ ಬಾಗಿಲಲ್ಲಿ ತೂರಬೇಕು. ತೂರದಿದ್ದರೆ ಪಕ್ಕದಲ್ಲಿ ಕೋಟೆ ಗೋಡೆ ಒಡೆಯಬೇಕು. ಆಮೇಲೆ ಅಲ್ಲಿ ಪಂಕ್ಚರ್ ಅಂಗಡಿ, ಢಾಬಾ, ಲಾಡ್ಜು. ವಿರೋಧ ಮಾಡಿದವರು ಹೇಳುತ್ತಿದ್ದದ್ದು ಇದನ್ನೇ. ಆದರೆ ದೆಹಲಿ, ಬೆಂಗಳೂರಿನ ಸಭೆಗಳಲ್ಲಿ ಹೇಳುತ್ತಿದ್ದರು. ನಮ್ಮ ಕಟ್ಟೆಗೆ ಬಂದು ಕೂತು, "ಇಲ್ಲಿ ಬ್ಯಾಡ, ಅಲ್ಲಿ ಕಟ್ಟಿಸೋಣ, ನಿಮ್ಮ ಜೊತಿ ನಾವೂ ಕೇಳ್ತೀವಿ" ಅಂದವರನ್ನು ನಾನಂತೂ ನೋಡಲಿಲ್ಲ. ಅದೇ ನನ್ನ ತಕರಾರು. ಇವತ್ತಿಗೂ ಇದೆ.

ಮುಂದಿನದು ಎಲ್ಲರಿಗೂ ಗೊತ್ತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಸೇತುವೆ ಕೆಲಸ ಮತ್ತೆ ಸಾಗಿತ್ತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆ ಹೊಳೆಗೆ ಕುಸಿಯಿತು. ಸತ್ತವರು ಕೂಲಿಗೆ ಬಂದವರು. ಪರ ಇದ್ದವರೂ ವಿರೋಧ ಇದ್ದವರೂ ಅವರ ಬಗ್ಗೆ ಜಾಸ್ತಿ ಮಾತಾಡಲಿಲ್ಲ.

ಈಗ ಕಡೆಬಾಗಿಲು–ಬುಕ್ಕಸಾಗರ ಸೇತುವೆ ಇದೆ. ಹೊಳೆ ಹರಿಯುವ ದಿಕ್ಕಿಗೆ ಸ್ವಲ್ಪ ಕೆಳಗೆ. ಅದೂ ಹಂಪಿಯ ಸೀಮೆಯೇ, ಆದರೆ ಲಾರಿ ವಿಠ್ಠಲ ದೇವಸ್ಥಾನದ ಮಗ್ಗುಲಿಗೆ ಬರುವುದಿಲ್ಲ. ಅವ್ವ ಮೊದಲ ಸಲ ಅದರ ಮೇಲೆ ಹೋದಾಗ ಕೇಳಿದ್ದು ಒಂದೇ: "ಇದನ್ನ ಆಗಲೇ ಇಲ್ಲೇ ಕಟ್ಟಬೇಕಂತ ಯಾರಿಗೂ ಹೊಳಿಲಿಲ್ಲೇನು?" ಎಂಜಿನಿಯರುಗಳಿಗೆ ಕೇಳಬೇಕಾದ ಪ್ರಶ್ನೆ. ಸರ್ವೆಯವರು ಗೂಟ ಹೊಡೆಯುವ ದಿನ ಕೇಳಬೇಕಾದ ಪ್ರಶ್ನೆ. ಹೊಳೆಯಲ್ಲಿ ಪಿಲ್ಲರ್ ಎದ್ದ ಮೇಲೆ ಕೇಳಿದರೆ ಊರಿನವರಿಗೆ ಅದು ಬಾಯಿಗೆ ಬಂದ ತುತ್ತು ಕಸಿದ ಹಾಗೆಯೇ ಕಾಣುತ್ತದೆ.

ಕಾನೂನು ಇದೆಯಲ್ಲ ಅನ್ನಬಹುದು. ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಆದರೆ ನಮ್ಮ ಕಡೆ ಸ್ಮಾರಕ ಎಲ್ಲಿ ಮುಗಿಯುತ್ತದೆ ಹೇಳಿ ನೋಡೋಣ? ಗದ್ದೆಯಲ್ಲಿ ಮಂಟಪ, ಹಿತ್ತಲಲ್ಲಿ ವೀರಗಲ್ಲು. ಟೇಪು ಹಿಡಿದು ಅಳೆಯುವ ಊರುಗಳಲ್ಲ ಇವು.

ಈಗ ಹಿರೇಬೆಣಕಲ್‌ಗೆ ಬರುತ್ತೇನೆ. ಗುಡ್ಡದ ಮೇಲೆ ಸುಮಾರು 400 ಶಿಲಾ ಸಮಾಧಿಗಳಿವೆ. ಎರಡೂವರೆ ಸಾವಿರ ವರ್ಷದಷ್ಟು ಹಳೆಯವು. 2021ರಿಂದ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ, ಅಂದರೆ ಮುಂದೆ ವಿಶ್ವ ಪರಂಪರೆಗೆ ಸೇರಿಸಬಹುದಾದ ತಾಣಗಳ ಪಟ್ಟಿಯಲ್ಲಿ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದಕ್ಕೆ ದುಂಡನೆಯ ಕಿಂಡಿ ಕೊರೆದು, ಮೇಲೊಂದು ಬಂಡೆ ಹೊದಿಸಿದ್ದಾರೆ. ಗಾರೆ ಇಲ್ಲ, ಕಬ್ಬಿಣ ಇಲ್ಲ. ಕಲ್ಲಿಗೆ ಕಲ್ಲು ಆನಿಸಿ ನಿಂತಿದೆ. ಅಲ್ಲಿಗೆ ಕಾರು ಹತ್ತಿಸಬೇಕೆಂದರೆ ಬಂಡೆಗೆ ಮದ್ದು ಇಡಬೇಕು, ಜೆಸಿಬಿ ಹೋಗಬೇಕು, ರೋಲರ್ ಹೋಗಬೇಕು. ಆಮೇಲೆ ಕಾರಿನ ಹಿಂದೆ ಯಾರು ಬರುತ್ತಾರೆ? 2019ರಲ್ಲಿ ಹಂಪಿಯಲ್ಲಿ ಹುಡುಗರು ಕಲ್ಲುಕಂಬ ತಳ್ಳಿ ಬೀಳಿಸಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಕೋರ್ಟು ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ಈ ಗುಡ್ಡದ ಮೇಲೆ ನಿಧಿ ಇದೆ ಅಂತ ನಂಬಿದವರು ಇನ್ನೂ ಇದ್ದಾರೆ. ಅವರು ಈಗ ಹಾರೆ ಹೊತ್ತು ಹತ್ತಬೇಕು. ರಸ್ತೆಯಾದರೆ ಬೊಲೆರೋದಲ್ಲಿ ಹೋಗುತ್ತಾರೆ.

ಗೆಳೆಯ, ಇಷ್ಟು ಹೇಳಿದ ಮೇಲೆ ನಿನ್ನ ಮಾತಿಗೂ ಬರಬೇಕು. ಬರೀ "ಬ್ಯಾಡ" ಅಂತ ಹಾಕಿದ್ದು ನನ್ನ ತಪ್ಪು. ಅಂದು ಅವರು ನಮಗೆ ಮಾಡಿದ್ದನ್ನೇ ನಾನು ನಿನಗೆ ಮಾಡಿದೆ. ಗುಡ್ಡದ ಬುಡದವರೆಗೆ ಒಳ್ಳೆ ರಸ್ತೆ ಆಗಲಿ. ಗಂಗಾವತಿಯಿಂದ ಹೊತ್ತಿಗೆ ಸರಿಯಾಗಿ ಬಸ್ಸು ಬರಲಿ. ಬುಡದಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ದಾರಿಗೆ ಬಾಣದ ಗುರುತು. ಊರಿನ ಹುಡುಗರಿಗೆ ದಾರಿ ತೋರಿಸುವ ಕೆಲಸ, ಅದಕ್ಕೆ ಸರಿಯಾದ ಕೂಲಿ. ಇದಕ್ಕೆ ಅರ್ಜಿ ಬರಿ, ಮೊದಲ ಸಹಿ ನಂದು. "ಹಂಗಾರ ವಯಸ್ಸಾದವರು ಹೆಂಗ ನೋಡಬೇಕು?" ಅಂತ ಕೇಳಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವ್ವನಿಗೂ ಈಗ ಮೊಣಕಾಲು ನೋವು, ಅವಳೂ ನೋಡಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿ ಸಿಗು. ಎರಡು ಲೀಟರ್ ನೀರು ತಗೊಂಡು ಬಾ, ಹೋದ ಸಲದ ಹಾಗೆ ನನ್ನ ಬಾಟ್ಲಿಗೆ ಕೈ ಹಾಕಬೇಡ. ಮತ್ತೆ ಮೇಲಿರುವ ಕಲ್ಲಿನ ನಗಾರಿಯನ್ನು ಬಾರಿಸಿ ವಿಡಿಯೋ ಮಾಡುವುದು ಬೇಡ ಮಾರಾಯ. ಬಾರಿಸಿ ಬಾರಿಸಿ ಆಗಲೇ ಸವೆದಿದೆ.